ಅಂದು ಬಾರದ ವಿಮಾನ

ಸನ್ಮಾನ ಸಮಿತಿಯ ಅಧ್ಯಕ್ಷರೇ,

ಒಂಬತ್ತು ವರ್ಷಗಳ ಹಿಂದೆ ನಮ್ಮೂರಿನ ಮೇಲೆ ಯಾವ ವಿಮಾನವೂ ಕೆಳಗೆ ಹಾರಲಿಲ್ಲವೆಂದು ವಾಯುಪಡೆಯ ವಿಚಾರಣೆಯಲ್ಲಿ ಹೇಳಿದವರು ತಾವು. ಮೊನ್ನೆ ಅದೇ ವಿಮಾನವನ್ನು ಟಾಂಗಾದ ಲೌಡ್‌ಸ್ಪೀಕರಿನಲ್ಲಿ ಊರ ತುಂಬ ಹಾರಿಸಿದವರೂ ತಾವೇ. ಇವೆರಡರಲ್ಲಿ ಸುಳ್ಳು ಯಾವುದು?

ತಮಗೆ ಮರೆತಿರಬಹುದು, ನಾನು ಮರೆತಿಲ್ಲ. ೧೯೫೮ರ ಸುಗ್ಗಿ. ನನಗೆ ಹನ್ನೊಂದು ವರ್ಷ. ಅಪ್ಪ ಹನುಮಂತಪ್ಪ ಹತ್ತಿ ತುಂಬಿದ ಅಂಡಿಗೆ ಚೀಲ ಹೇರಿದ ಚಕ್ಕಡಿ ಹೊಡೆಯುತ್ತಿದ್ದ. ಅವ್ವ ಸತ್ಯವ್ವ, ನಾನು ಮೇಲೆ ಕುಳಿತಿದ್ದೆವು. ಆಗ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದ ತಮ್ಮ ಅಣ್ಣನ ಮಗ, ಕೇಶ್ವಾಪುರದ ಮಾಳಿಗೆಯ ಮೇಲೆ ನಿಂತ ತಾಯಿಗೆ ಹಾರಾಟ ತೋರಿಸಿ, ಉಣಕಲ್ ಕೆರೆಯ ನೀರು ಕದಡುವಷ್ಟು ಕೆಳಗೆ ಬಂದರು. ಎತ್ತು ಬೆದರಿದವು. ಚಕ್ಕಡಿ ಕೆರೆಯ ಏರಿಯಿಂದ ಕೆಳಗೆ ಉರುಳಿತು. ಅವ್ವ ಅಂಡಿಗೆಗಳ ಅಡಿಯಲ್ಲಿ ಸತ್ತಳು. ಜನ ಓಡಿದರು, ನಮ್ಮತ್ತ ಅಲ್ಲ, ವಿಮಾನದ ಹಿಂದೆ, ಚಪ್ಪಾಳೆ ತಟ್ಟುತ್ತ.

ವಿಚಾರಣೆಗೆ ಮೊದಲು ತಾವು ನಮ್ಮ ಮನೆಗೆ ಬಂದಿರಿ. "ಹನುಮಂತಾ, ಸುಮ್ನಿರು. ಹೋದಾಕಿ ಹೋದ್ಲು. ಹುಡುಗನ ನೌಕರಿ ಹೋದ್ರ ಊರಿನ ಮಾನ ಹೋಗ್ತದ." ಮರುದಿನ ಅಧಿಕಾರಿಗಳ ಮುಂದೆ, "ವಿಮಾನ ಎಲ್ಲೀದ್ರೀ ಸಾಹೇಬ್ರ? ಆಂವ ಕುಡದಿದ್ದಾ ರೀ."

ಆ ಮಾತನ್ನೇ ಏಣಿ ಮಾಡಿಕೊಂಡು ತಮ್ಮವರು ಸ್ಕ್ವಾಡ್ರನ್ ಲೀಡರ್ ಆದರು. ಯುದ್ಧದ ವರ್ಷ ವಿಂಗ್ ಕಮಾಂಡರ್ ಆಗಿ ಪದಕ ಪಡೆದರು. ಈಗ ಗ್ರೂಪ್ ಕ್ಯಾಪ್ಟನ್, ಬರುವ ರವಿವಾರ ತಮ್ಮ ಸಮಿತಿಯ ಸನ್ಮಾನ ಅವರಿಗೇ. ಅಪ್ಪನಿಗೂ ಬಡ್ತಿ ಸಿಕ್ಕಿತು: ಮೊದಲು ಕುಡುಕ, ಆಮೇಲೆ ಹೆಂಡತಿಯನ್ನು ಕೊಂದವ. ಹೆಂಡ ಮುಟ್ಟೆನೆಂದು ಪಂಢರಪುರದಲ್ಲಿ ತುಳಸಿಮಾಲೆ ಹಾಕಿಸಿಕೊಂಡವನು ಅಪ್ಪ. ಅವನ ಜೊತೆ ವರ್ಷವರ್ಷವೂ ಆ ಯಾತ್ರೆಗೆ ನಡೆದ ಮಡಿವಾಳಪ್ಪನೇ ಗುಡಿಯ ಕಟ್ಟೆಯ ಮೇಲೆ ಅಂದ: "ಕುಡದು ಹೇಣ್ತಿನ್ನ ಕೊಂದಾಂವಗ ಮಾಲಿ ಯಾಕೋ? ತಗಿ." ಅಪ್ಪ ತೆಗೆದ. ಮತ್ತೆ ಯಾತ್ರೆಗೆ ಅವನನ್ನು ಯಾರೂ ಕರೆಯಲಿಲ್ಲ.

ಮೊನ್ನೆ ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದಾಗ ತಮ್ಮ ಟಾಂಗಾ ಬಂತು. "ಒಂಬತ್ತ ವರ್ಷದ ಹಿಂದ ಗಿಡದ ತುದಿ ಮುಟ್ಟೂವಂಗ ವಿಮಾನ ಹಾರಿಸಿ ನಮ್ಮೂರಿಗೆ ನಮಸ್ಕಾರ ಮಾಡಿದ ವೀರರು ಬರಾಕತ್ತಾರ್ರೀ!" ಅಪ್ಪ ಮೇವು ಅಲ್ಲೇ ಬಿಟ್ಟು ಹೊರಟ. ಕೇಶ್ವಾಪುರದವರೆಗೂ ಟಾಂಗಾದ ಹಿಂದೆ ನಡೆದ. ನಾನು ಅವನ ಹಿಂದೆ.

ಕೂಗುವವ ನಕ್ಕ: "ಕಾಕಾ, ಪೇಡೆ ಹಂಚೂದು ರವಿವಾರ. ಈಗ ಬರೇ ಸುದ್ದಿ."

"ಸುದ್ದೀನ ಬೇಕೋ ತಮ್ಮಾ. ಇನ್ನೊಮ್ಮೆ ಒದರು."

ಅಧ್ಯಕ್ಷರೇ, ತಮ್ಮವರ ಒಂದೊಂದು ಬಡ್ತಿಗೂ ನಾನೂ ಸಂತೋಷಪಟ್ಟಿದ್ದೇನೆ. ಮೇಲೆ ಏರಿದಷ್ಟೂ ಬೀಳುವ ದೂರ ಹೆಚ್ಚು, ಅದನ್ನು ಏರಿಯ ಕೆಳಗೆ ಕಲಿತೆ. ರವಿವಾರ ಅವರ ಕೊರಳಿಗೆ ಹೂಮಾಲೆ ಬೀಳುವ ಮುಂಚೆ ಅಪ್ಪನನ್ನು ವೇದಿಕೆಗೆ ಕರೆಯಬೇಕು. ಅದೇ ಲೌಡ್‌ಸ್ಪೀಕರಿನಲ್ಲಿ ಗ್ರೂಪ್ ಕ್ಯಾಪ್ಟನ್ ಸಾಹೇಬರು ವಿಮಾನ ಬಂದಿತ್ತೆಂದೂ, ತಾವು ಹನುಮಂತಪ್ಪ ಕುಡಿದಿರಲಿಲ್ಲವೆಂದೂ ಹೇಳಬೇಕು. ಇಲ್ಲವಾದರೆ ಈ ಪತ್ರ ವಾಯುಪಡೆಯ ಮುಖ್ಯ ಕಚೇರಿಗೆ ಹೋಗುತ್ತದೆ. ಸಾಕ್ಷಿ ಯಾರೆಂದು ಕೇಳಿದರೆ ತಮ್ಮ ಟಾಂಗಾ ಕೇಳಿದ ಇಡೀ ಊರು. ಕ್ಷಮೆ ಮಾತ್ರ ಕೇಳಬೇಡಿ, ಕೊಡಲು ನಮ್ಮ ಮನೆಯಲ್ಲಿ ಅದಿಲ್ಲ.

ನಾಲ್ಕನೆಯ ಇಯತ್ತೆ ಓದಿದವಳು ನಾನು, ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಅಪ್ಪನ ಪಕ್ಕ ಸುಮ್ಮನೆ ಕುಳಿತಿರುತ್ತೇನೆ. ಅಂದು ಅವನು ತೆಗೆದ ತುಳಸಿಮಾಲೆ ನನ್ನ ಉಡಿಯಲ್ಲಿರುತ್ತದೆ.

ಇಂತಿ,
ಕುಡಿಯದ ಹನುಮಂತಪ್ಪನ ಮಗಳು
ಶೇವಂತೆವ್ವ, ಉಣಕಲ್