ತಂಗಿಯ ಛಾವಣಿಯ ಮೇಲೆ ತಿರುಗುವ ಗುಂಡು

ಮಾರ್ಚ್ 12, ಮಧ್ಯಾಹ್ನ

ಕನ್ನಡಕದ ಅಂಗಡಿಯಿಂದ ಊಟಕ್ಕೆ ಬಂದೆ. ಅಪ್ಪ ಇವತ್ತೂ ವರಾಂಡದ ಮೆಟ್ಟಿಲ ಮೇಲೆ. ಅಂಗಿ ಬಿಚ್ಚಿ, ಪೇಪರ್ ಮಡಚಿ ಬೀಸಿಕೊಳ್ಳುತ್ತಾ ಕೂತಿದ್ದರು. ಒಳಗೆ ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಅದು ಬೀಸುವುದು ಬಿಸಿಗಾಳಿ, ಒಪ್ಪುತ್ತೇನೆ. ಆದರೂ ಬೀದಿಯವರೆಲ್ಲ ನೋಡುವ ಹಾಗೆ ಹೊರಗೆ ಕೂರಬೇಕೇ? ಮಗಳು ಒಳಗೆ ಸೇರಿಸಲಿಲ್ಲವೇನೋ ಅನ್ನುವ ಹಾಗೆ.

ತಟ್ಟೆ ಅಲ್ಲಿಗೇ ತಾ ಅಂದರು. ತಂದುಕೊಟ್ಟೆ. ಎರಡು ತುತ್ತು ತಿಂದು ಹೇಳಿದ್ದು ಇಷ್ಟು:

"ಪುಟ್ಟಿ ಮನೇಲಾಗಿದ್ರೆ ಇಷ್ಟೊತ್ತಿಗೆ ಒಂದು ನಿದ್ದೆ ಆಗಿರ್ತಿತ್ತು."

ಪುಟ್ಟಿ. ನಲವತ್ತಾರು ವರ್ಷದ, ಮೊಣಕಾಲು ನೋವಿನ, ಮೀಸೆ ಬಂದ ಮಗನಿರುವ ಪುಟ್ಟಿ. ನಾನು ಮಾತ್ರ ಅವಳು ಹುಟ್ಟಿದ ದಿನದಿಂದ ದೊಡ್ಡವಳು. ನನಗೂ ಒಂದು ಮುದ್ದಿನ ಹೆಸರಿತ್ತೋ ಏನೋ. ಯಾರಿಗೂ ನೆನಪಿಲ್ಲ.

ಎರಡು ತಿಂಗಳು ಇಲ್ಲಿ, ಎರಡು ತಿಂಗಳು ಅಲ್ಲಿ. ಅಮ್ಮ ಹೋದ ಮೇಲೆ ಅಕ್ಕತಂಗಿ ಸೇರಿ ಮಾಡಿಕೊಂಡ ಏರ್ಪಾಡು. ಈ ಸಲ ಅಪ್ಪ ಬಂದು ಎರಡು ವಾರ ಕೂಡ ಆಗಿಲ್ಲ. ಆಗಲೇ ಆ ಕಡೆ ಮುಖ.

ಮಾರ್ಚ್ 15

ಅಪ್ಪ ಬಿಪಿ ಮಷಿನ್ ಅವಳ ಮನೆಯಲ್ಲೇ ಬಿಟ್ಟು ಬಂದಿದ್ದರು. ಅಂಗಡಿ ಮುಚ್ಚಿ ಹಾಗೇ ಹೋದೆ. ಹಾಲಿಗೆ ಕಾಲಿಟ್ಟ ಕೂಡಲೇ ಕತ್ತಿನ ಬೆವರು ಆರಿತು. ಹೊಟ್ಟೆ ಉರಿಯಿತು.

ಎಸಿ ಇಲ್ಲ. ನಮ್ಮದೇ ಥರದ ತಗಡಿನ ಛಾವಣಿ, ಅದರ ಕೆಳಗೆ ಅಟ್ಟ, ಅಟ್ಟದ ಕೆಳಗೆ ನಮ್ಮದೇ ಥರದ ಹಲಗೆಯ ಸೀಲಿಂಗು. ಬಿಸಿಲೂ ಅದೇ. ಸಮುದ್ರ ಕಡೆಯ ಜಿಗುಟು ಗಾಳಿಯೂ ಅದೇ. ಮತ್ತೆ ಇವಳಿಗೆ ಮಾತ್ರ ಹೇಗೆ?

ಹೊರಗೆ ಬಂದು ತಲೆ ಎತ್ತಿದಾಗ ಕಂಡಿತು. ಛಾವಣಿಯ ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಒಂದು ಗುಂಡು, ಮೈತುಂಬ ರೆಕ್ಕೆ. ತನ್ನಷ್ಟಕ್ಕೆ ತಿರುಗುತ್ತಿತ್ತು. ನಾನು ನೋಡುವುದನ್ನು ಅವಳು ನೋಡಿದಳು.

"ಅಟ್ಟದ ಬಿಸಿಗಾಳಿ ಎಳೆದು ಹೊರಗೆ ಹಾಕತ್ತೆ ಅಕ್ಕ. ಕರೆಂಟೂ ಬೇಡ. ಬಾ, ಅಟ್ಟ ಹತ್ತಿಸಿ ತೋರಿಸ್ತೀನಿ."

ತಡವಾಯಿತು ಅಂದೆ. ಅವಳಿಂದ ಪಾಠ ಹೇಳಿಸಿಕೊಂಡು ನನ್ನ ಮನೆ ತಣ್ಣಗೆ ಮಾಡಿಕೊಳ್ಳಬೇಕೇ? ಇನ್ನೇನೋ ಹೇಳಲು ಬಾಯಿ ತೆರೆದಳು. ಸ್ಕೂಟರ್ ಸ್ಟಾರ್ಟ್ ಮಾಡಿಬಿಟ್ಟೆ.

ಮಾರ್ಚ್ 21

ಕೂರಿಸಿಯಾಯಿತು. ಎರಡು.

ಅವಳ ಮನೆಗೆ ಒಂದೇ ಸಾಕಾಗಿದೆಯಲ್ಲ ಅಂದರು ಇವರು. ಅದಕ್ಕೇ ಎರಡು ಅಂದೆ. ಮದುವೆಯಾಗಿ ಇಷ್ಟು ವರ್ಷವಾದ ಗಂಡಸು, ಎಲ್ಲಿ ಬಾಯಿ ಮುಚ್ಚಬೇಕು ಅಂತ ಗೊತ್ತು. ಮುಚ್ಚಿದರು.

ರಸ್ತೆಯಿಂದ ನೋಡಿದರೆ ಎರಡೂ ಬಿಸಿಲಿಗೆ ಫಳಫಳ. ಅಪ್ಪನನ್ನು ಕೈ ಹಿಡಿದು ಗೇಟಿನ ತನಕ ಕರೆದುಕೊಂಡು ಹೋಗಿ ತೋರಿಸಿದೆ. ಹಣೆಗೆ ಕೈ ಅಡ್ಡ ಇಟ್ಟು ನೋಡಿದರು. ಚೆನ್ನಾಗಿದೆ ಅಂದರು. ಪುಟ್ಟಿ ಮನೆಯದರ ಹಾಗೇ ಇದೆ ಅಂದರು.

ಮಾರ್ಚ್ 27

ತಣ್ಣಗಾಗಲಿಲ್ಲ. ಮಂಚದ ಮೇಲೆ ನಿಂತು ಸೀಲಿಂಗ್ ಮುಟ್ಟಿದೆ, ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು. ಇನ್ನೊಂದು ವಿಚಿತ್ರ... ಸೀಲಿಂಗ್ ಲೈಟಿನ ಸುತ್ತ ಬೆರಳು ತೂರುವಷ್ಟು ಸಂದಿ ಇದೆ. ಅಂಗಡಿಯಿಂದ ತಂದ ಕನ್ನಡಕ ಒರೆಸುವ ತೆಳು ಕಾಗದವನ್ನು ಅಲ್ಲಿ ಹಿಡಿದೆ. ಮೇಲಕ್ಕೆ ಹೋಗಿ ಅಂಟಿಕೊಂಡಿತು. ಕೆಳಗೆ ಬೀಳಲೇ ಇಲ್ಲ. ನನ್ನ ರೂಮಿನ ಗಾಳಿ ಅಟ್ಟಕ್ಕೆ ಯಾಕೆ ಹೋಗುತ್ತಿದೆ?

ಏಣಿ ಇಟ್ಟು ಅಟ್ಟದ ಬಾಗಿಲು ತೆಗೆದೆ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಹಬೆ ಹೊಡೆಯಿತು. ಬಾತ್‌ರೂಮ್ ಫ್ಯಾನಿನ ಪೈಪು ಅಲ್ಲೇ ಬಾಯಿ ಬಿಟ್ಟುಕೊಂಡಿದೆ. ಮನೆಮಂದಿ ಸ್ನಾನ ಮಾಡಿದ ಹಬೆಯೆಲ್ಲ ಇಷ್ಟು ದಿನ ಅಟ್ಟದಲ್ಲೇ ಕೂತಿದೆ. ಹಲಗೆಗಳ ಮೇಲೆ ಕಪ್ಪು ಬೂಷ್ಟು. ಅಲ್ಲೇ ಇಟ್ಟಿದ್ದ ಹಳೆ ಟ್ರಂಕ್ ತೆಗೆದರೆ ಅಪ್ಪನ ಕಾಕಿ ಕೋಟಿನ ತುಂಬ ಬಿಳಿ ಬೂಷ್ಟು.

ಬಸ್ ಓಡಿಸುವಾಗ ಹಾಕುತ್ತಿದ್ದ ಕೋಟು. ರಿಟೈರ್ ಆದ ದಿನ ನಾನೇ ಕೇಳಿ ಇಸಿದುಕೊಂಡಿದ್ದೆ. ಪ್ರೀತಿಗೆ ಅಂತ ಅಪ್ಪ ಅಂದುಕೊಂಡರು. ಪ್ರೀತಿಗೂ ಹೌದು. ಪುಟ್ಟಿಗೆ ಸಿಗದಿರಲಿ ಅಂತಲೂ ಹೌದು.

ಒಗೆದು ಒಣಹಾಕಿದೆ. ವಾಸನೆ ಹೋಗಿಲ್ಲ.

ಏಪ್ರಿಲ್ 2

ಮಧ್ಯಾಹ್ನ ಅಪ್ಪನಿಗೆ ತಲೆ ಸುತ್ತಿತು. ಗೋಡೆ ಹಿಡಿದುಕೊಂಡಿದ್ದರು, ಸದ್ಯ ಬೀಳಲಿಲ್ಲ. ಕೂರಿಸಿ ನೀರು ಕುಡಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ಸೆಕೆಗೆ ಹೀಗಾಗಿದೆ, ಈ ವಯಸ್ಸಿನಲ್ಲಿ ಹುಡುಗಾಟವಲ್ಲ, ಗಾಳಿಯಾಡುವ ಕಡೆ ಮಲಗಿಸಿ ಅಂದರು. ಎಸಿ ಹಾಕಿಸುತ್ತೇನೆ ಅಂದೆ. ಅಪ್ಪ ಬೇಡ ಅಂದರು. ಇಡೀ ಜೀವಮಾನ ಡ್ರೈವರ್ ಸೀಟಿನ ಕಿಟಕಿ ಪಕ್ಕ ಕೂತವರು, ಮುಚ್ಚಿದ ರೂಮಿನಲ್ಲಿ ಕೆಮ್ಮು ಬರುತ್ತದಂತೆ.

ಆಮೇಲೆ ನೆಲ ನೋಡಿಕೊಂಡು ಕೇಳಿದರು.

"ಸ್ವಲ್ಪ ದಿನ ಪುಟ್ಟಿ ಮನೇಲಿ ಇರ್ತೀನಿ. ನಿಂಗೆ ಬೇಜಾರಿಲ್ಲ ತಾನೇ?"

ಇಲ್ಲ ಅಂದೆ. ನಗುನಗುತ್ತಲೇ ಬಟ್ಟೆ ಮಡಚಿ ಚೀಲಕ್ಕೆ ತುಂಬಿದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವಳು ಕಾರು ತಂದಳು. ಅಪ್ಪ ಚಕ್ಕನೆ ಹತ್ತಿ ಕೂತರು. ತಲೆ ಸುತ್ತುವವರು ಅಷ್ಟು ಬೇಗ ಕಾರು ಹತ್ತುತ್ತಾರೆಯೇ? ಛೆ, ಏನು ಬರೆಯುತ್ತಿದ್ದೇನೆ. ಹೊಡೆದುಹಾಕುವುದಿಲ್ಲ, ಇರಲಿ. ಅನ್ನಿಸಿದ್ದು ಅನ್ನಿಸಿತು.

ಏಪ್ರಿಲ್ 3

ಬರೆಯಲು ಮನಸ್ಸಿಲ್ಲ.

ಏಪ್ರಿಲ್ 14

ಕರೆಯದೇ ಬಂದಳು. ಒಳಗೂ ಬರಲಿಲ್ಲ. ಮನೆಯ ಸುತ್ತ ಒಂದು ಸುತ್ತು ಹಾಕಿದಳು, ಕತ್ತು ಎತ್ತಿಕೊಂಡೇ. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಎರಡು ಗುಂಡು ನೋಡಿ ಕರುಬಲಿ ಅಂತ ಕಾಯುತ್ತಿದ್ದೆ — ನಿಜ ಹೇಳಬೇಕೆಂದರೆ.

"ಅಕ್ಕ, ಸೂರಿನ ಕೆಳಗಡೆ ಕಿಂಡಿಗಳಿದ್ವಲ್ಲ, ಎಲ್ಲಿ?"

ಪಾರಿವಾಳದ ಕಾಟ ಅಂತ ಹೋದ ವರ್ಷವೇ ಸಿಮೆಂಟು ಮೆತ್ತಿಸಿದ್ದೆ. ಗೋಡೆಯ ಅಂಚಿಗೆ ಅಲಂಕಾರಕ್ಕೆ ಇಟ್ಟ ತೂತುಗಳು ಅಂದುಕೊಂಡಿದ್ದೆ. ಹಾಗೆಂದೆ.

"ಕೆಳಗಿಂದ ಗಾಳಿ ಒಳಗೆ ಬರದೆ ಮೇಲಿಂದ ಏನು ಹೊರಗೆ ಹೋಗ್ಬೇಕು? ಅವು ನಿನ್ನ ರೂಮಿನ ಗಾಳೀನೇ ಎಳ್ಕೊಳ್ತಾ ಇವೆ. ಅವತ್ತೇ ಹೇಳೋಣ ಅಂತಿದ್ದೆ. ನೀನು ಹೊರಟೇಬಿಟ್ಟೆ."

ಲೈಟಿನ ಸಂದಿಗೆ ಅಂಟಿಕೊಂಡಿದ್ದ ಕಾಗದ ನೆನಪಾಯಿತು. ದಿನವಿಡೀ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಜನರನ್ನು ಕೂರಿಸಿ ಯಾವ ಸಾಲು ಕಾಣುತ್ತದೆ, ಯಾವುದು ಕಾಣುವುದಿಲ್ಲ ಅಂತ ಕೇಳುವವಳು ನಾನು. ಅವಳ ಮನೆಯಲ್ಲಿ ನನಗೆ ಕಂಡಿದ್ದು ರಸ್ತೆಗೆ ಕಾಣುವುದಷ್ಟೇ.

ನಗಬಹುದಿತ್ತು ಅವಳು. ಕೊಂಕು ಆಡಿದ್ದರೂ ಜಗಳ ಆಡಿ ಹಗುರಾಗುತ್ತಿದ್ದೆ. ಅದೂ ಮಾಡಲಿಲ್ಲ. ಬಾತ್‌ರೂಮ್ ಪೈಪನ್ನು ಗೋಡೆಯಿಂದ ಹೊರಗೆ ಬಿಡಿಸು, ಲೈಟಿನ ಸಂದಿ ಮುಚ್ಚಿಸು, ಕಿಂಡಿಗೆ ಜಾಲರಿ ಹಾಕಿದರೆ ಪಾರಿವಾಳ ಬರುವುದಿಲ್ಲ ಅಂತ ಒಂದೊಂದಾಗಿ ಹೇಳಿದಳು. ಟೀ ಕುಡಿದು ಹೋದಳು. ಒಳ್ಳೆಯವಳಾಗಿರುವುದು ಅವಳಿಗೆ ಎಷ್ಟು ಸುಲಭ. ಮೈ ಪರಚಿಕೊಳ್ಳುವ ಹಾಗಾಯಿತು.

ಏಪ್ರಿಲ್ 19, ಸಂಜೆ

ಸಿಮೆಂಟು ಒಡೆಸಿದೆ. ಸೂರಿನ ಉದ್ದಕ್ಕೂ ಕಿಂಡಿ, ಕಿಂಡಿಗೆಲ್ಲ ಜಾಲರಿ. ಪೈಪು ಹೊರಗೆ ಬಿತ್ತು. ಲೈಟಿನ ಸಂದಿ ಮುಚ್ಚಿತು. ಮನೆ ತುಂಬ ಧೂಳು, ಇವರಿಗೆ ಸೀನು.

ಏಪ್ರಿಲ್ 21

ಬಿಸಿಲಿನ ಹೊತ್ತಿಗೇ ಮಂಚ ಹತ್ತಿ ಸೀಲಿಂಗ್ ಮುಟ್ಟಿದೆ. ಉಗುರು ಬೆಚ್ಚಗೆ, ಅಷ್ಟೇ. ಅಟ್ಟದ ಬಾಗಿಲು ತೆಗೆದೆ. ಕಿಂಡಿಗಳಿಂದ ಗಾಳಿ ಬಂದು ಕೆನ್ನೆ ಸವರಿತು. ಹಲಗೆ ಒಣಗಿದೆ. ಏಣಿಯ ಮೇಲೆ ನಿಂತು ಒಬ್ಬಳೇ ನಕ್ಕೆ. ಇವರು ಕೆಳಗಿನಿಂದ ಏನಾಯಿತು ಅಂತ ಎರಡು ಸಲ ಕೇಳಿದರು.

ಅಪ್ಪನಿಗೆ ಫೋನ್ ಮಾಡಿದೆ. ಈಗ ನಮ್ಮ ಮನೆಯೂ ತಂಪು ಅಂದೆ. 'ಊ' ಮೇಲೆ ಸ್ವಲ್ಪ ಜಾಸ್ತಿಯೇ ಒತ್ತು ಬಿತ್ತೇನೋ. ನಾಳೆ ಬರುತ್ತೇನೆ ಅಂದರು.

ಏಪ್ರಿಲ್ 22, ಮಧ್ಯಾಹ್ನ ಮೂರು

ಅಂಗಡಿಗೆ ರಜೆ ಹಾಕಿದೆ. ಅಪ್ಪ ನಡುಮನೆಯಲ್ಲಿ ಮಲಗಿದ್ದಾರೆ. ಮಲಗಿರುವುದಲ್ಲ, ನಿದ್ದೆ. ಗೊರಕೆ ಕೂಡ. ನನ್ನ ಮನೆಯಲ್ಲಿ, ನಡುಮಧ್ಯಾಹ್ನ, ಅಂಗಿ ಹಾಕಿಕೊಂಡೇ. ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಪೆನ್ನಿನ ಸದ್ದಾಗದ ಹಾಗೆ.

ಪುಟ್ಟಿಗೆ ಮೆಸೇಜ್ ಹಾಕಿದೆ: ಅಪ್ಪ ಮಲಗಿದ್ದಾರೆ. ಸಂತೋಷ ಅಕ್ಕ ಅಂತ ಬಂತು. ಸಂತೋಷವಂತೆ. ಇರಲಿ, ಇವತ್ತು ಅವಳ ಮೇಲೂ ಕೋಪವಿಲ್ಲ.

ಅಪ್ಪ ಮಗ್ಗುಲಾದರು. ಕಣ್ಣು ಮುಚ್ಚಿಯೇ ಇದೆ. ಮುಖದಲ್ಲಿ ಎಷ್ಟು ನೆಮ್ಮದಿ... ಈ ಮನೆಯಲ್ಲಿ ನಾನು ಈ ಮುಖ ನೋಡಿಯೇ ಇರಲಿಲ್ಲ.

"ಪುಟ್ಟೀ, ಒಂಚೂರು ನೀರು ಕೊಡಮ್ಮ."

ತಂಪಾಗಿದೆಯಲ್ಲ, ಅವಳ ಮನೆ ಅಂದುಕೊಂಡಿದ್ದಾರೆ. ನಿದ್ದೆಗಣ್ಣು. ಅಷ್ಟೇ ಇರಬೇಕು. ಮೊದಲಾದರೆ ಸೆಕೆ ಇತ್ತು, ಎಲ್ಲವನ್ನೂ ಅದರ ತಲೆಗೆ ಕಟ್ಟುತ್ತಿದ್ದೆ. ಅದನ್ನೂ ನಾನೇ ಮುಂದೆ ನಿಂತು ಹೊರಗೆ ಕಳಿಸಿದೆ.

ಮತ್ತೆ ಕರೆದರು. ಪುಟ್ಟೀ.

"ಬಂದೆ ಅಪ್ಪ" ಅಂದೆ. ಅವಳ ಹಾಗೇ, ಕೊನೆಯಲ್ಲಿ ಸ್ವಲ್ಪ ಎಳೆದು. ಮುಗುಳ್ನಕ್ಕರು. ಕಣ್ಣು ಇನ್ನೂ ಬಿಟ್ಟಿಲ್ಲ. ಬಿಡುವುದರೊಳಗೆ ನೀರು ಕುಡಿಸಿ ಬಂದುಬಿಡಬೇಕು, ಇಲ್ಲದಿದ್ದರೆ ನಾನು ಅಂತ ಗೊತ್ತಾಗಿ ಆ ಮುಗುಳ್ನಗೆ...