ಅಪ್ಪ ಇಡೊ ಮಾತಾಡುತ್ತಿದ್ದಾರೆ

ಮಂಗಳವಾರ, ಮಧ್ಯಾಹ್ನ

ಮುದ್ದು ಪುಟ್ಟಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಅಪ್ಪನಿಗೆ ನಿನ್ನ ಗುರುತು ಹತ್ತುತ್ತದೆಯೇ ಅಮ್ಮಾ, ಎಂದು ಕೇಳಿದ್ದೀಯ. ಹತ್ತದಿದ್ದರೆ ಅವರನ್ನು ನರ್ಸಿಂಗ್ ಹೋಮಿಗೆ ಸೇರಿಸೋಣ ಎಂದೂ ಬರೆದಿದ್ದೀಯ. ಹತ್ತುತ್ತದೆ ಕಣೇ, ಆ ಯೋಚನೆ ಬಿಡು. ನನ್ನ ಗೊಂದಲವೇ ಬೇರೆ.

ಲಕ್ವ ಹೊಡೆದು ಹನ್ನೆರಡು ದಿನ ಸುಮ್ಮನಿದ್ದವರು ಹೋದ ವಾರ ಬಾಯಿ ಬಿಟ್ಟರು. ಆದರೆ ನಮ್ಮ ಭಾಷೆಯಲ್ಲಲ್ಲ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ ಬಂದು, ಮಸಿಗೈಯಲ್ಲೇ ಪುಸ್ತಕ ಹಿಡಿದು ಕಲಿಯುತ್ತಿದ್ದರಲ್ಲ, ಇಡೊ ಎಂಬ ಭಾಷೆ, ಅದರಲ್ಲಿ! ಹೀಗೂ ಆಗುವುದುಂಟು ಎಂದು ಡಾಕ್ಟರು ಕೈ ತೊಳೆದುಕೊಂಡರು. ನಲವತ್ತು ವರ್ಷ ಸಂಸಾರ ಮಾಡಿದ ಮಾತೆಲ್ಲ ಎಲ್ಲಿ ಹೋಯಿತೋ! ನೀನೂ ಕಲಿ ಬಾ ಎಂದು ಅವರು ಕರೆದಾಗಲೆಲ್ಲ, ನನಗೇನು ಬೇರೆ ಕೆಲಸವಿಲ್ಲವೇ ಎಂದು ಗದರಿದವಳು ನಾನೇ.

ಕೊನೆಗೆ ಟೈಲರಮ್ಮನನ್ನು ಕರೆಸಿದೆ. ನಿಮ್ಮಪ್ಪನ ಹಳೇ ಭಾಷಾ ಸಂಘದಲ್ಲಿ ಉಳಿದಿರುವುದು ಆಕೆಯೊಬ್ಬರೇ. ಒಂದು ವಿಷಯ ಮರೆತೇ ಹೋಗಿತ್ತು. ಲೋಕಕ್ಕೆಲ್ಲ ಒಂದೇ ಭಾಷೆ ಬೇಕೆಂದು ಐದು ಜನ ಸೇರಿ ಎಸ್ಪರಾಂಟೊ ಕಲಿತರು. ಅದನ್ನೇ ತಿದ್ದಿ ಸುಲಭ ಮಾಡಿದ್ದು ಇಡೊ ಎಂದು ನಿಮ್ಮಪ್ಪ ಅತ್ತ ವಾಲಿದರು. ಮಿಕ್ಕ ನಾಲ್ವರು ಇವರ ಜೊತೆ ಮಾತೇ ಬಿಟ್ಟರು. ಟೈಲರಮ್ಮ ಮಂಚದ ಪಕ್ಕ ಕೂತು ಎಸ್ಪರಾಂಟೊದಲ್ಲಿ ಕ್ಷೇಮ ವಿಚಾರಿಸಿದ್ದೇ ತಡ, ಚಮಚ ಹಿಡಿಯಲಾಗದ ಮನುಷ್ಯ ಜಗಳಕ್ಕೆ ನಿಂತರು! ಆಕೆಯೂ ಬಿಡಲಿಲ್ಲ. ಕೊರಳಿನ ಅಳತೆ ಟೇಪನ್ನು ಕೈಗೆ ಸುತ್ತಿಕೊಂಡು ಅರ್ಧ ಗಂಟೆ ವಾದಿಸಿದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಹಾಲಿನ ಲೋಟ ಹಿಡಿದು ನಿಂತಿದ್ದೆ. ನಿಜ ಹೇಳಲೇ, ಹೊಟ್ಟೆ ಉರಿಯಿತು. ನನ್ನ ಜೊತೆ ಜಗಳವಾಡಲಾದರೂ ಅವರಿಗೆ ಮಾತು ಬರಬಾರದೇ?

ದಿನಾ ಸಂಜೆ ನನ್ನನ್ನು ನೋಡಿ, ಬಾಗಿಲ ಕಡೆ ಕೈ ಎತ್ತಿ, ಒಂದೇ ಮಾತು ಹೇಳುತ್ತಾರೆ. ಏನದು ಎಂದು ಟೈಲರಮ್ಮನನ್ನು ಕೇಳಿದೆ. ಚಳಿ, ಬಾಗಿಲು ಹಾಕು ಎನ್ನುತ್ತಿದ್ದಾರಂತೆ. ಅಷ್ಟೇ. ನೀನು ಗಾಬರಿಯಾಗಿ ಓಡಿ ಬರಬೇಡ.

ಇಂತಿ,
ನಿನ್ನ ಅಮ್ಮ

ತಾ.ಕ.: ಬುಧವಾರ. ಕಾಗದ ಅಂಟಿಸಲು ಮನಸ್ಸು ಬರಲಿಲ್ಲ. ಸುಳ್ಳು ಬರೆದೆ. ಅವರು ಹೇಳುವುದು ಬೇರೆ. ಪಾಪ, ಈ ಹೆಂಗಸು ಬೆಳಗಿನಿಂದ ದುಡಿಯುತ್ತಿದ್ದಾಳೆ, ಮನೆಗೆ ಕಳಿಸಿ, ಅಲ್ಲಿ ಅವಳ ಗಂಡ ಕಾಯುತ್ತಿರುತ್ತಾನೆ, ಎನ್ನುತ್ತಾರಂತೆ. ಇದನ್ನು ಹೇಳುವಾಗ ಟೈಲರಮ್ಮನ ಕಣ್ಣಲ್ಲೂ ನೀರು. ಆಮೇಲೆ ತನ್ನ ಹಠ ಬಿಟ್ಟು, ಇಡೊದಲ್ಲೇ ನನಗೊಂದು ವಾಕ್ಯ ಬರೆದುಕೊಟ್ಟರು: ಮೆ ಹಬಿಟಾಸ್ ಹಿಕೆ, ನಾನಿರುವುದು ಇಲ್ಲೇ. ನಿನ್ನೆ ಸಂಜೆ ಅದನ್ನು ನಿಮ್ಮಪ್ಪನಿಗೆ ಹೇಳಿದೆ. ಗುರುತು ಹತ್ತಲಿಲ್ಲ ಪುಟ್ಟಿ. ಆದರೆ ಉಚ್ಚಾರ ತಿದ್ದಿ ಮೂರು ಸಲ ಹೇಳಿಸಿದರು. ಆಮೇಲೆ ಬಾಗಿಲ ಕಡೆ ಕೈ ಎತ್ತಲೇ ಇಲ್ಲ. ನರ್ಸಿಂಗ್ ಹೋಮಿನ ಮಾತು ಬೇಡ. ಅವರ ಹಳೇ ಪುಸ್ತಕ ತೆಗೆದಿದ್ದೇನೆ, ಮೊದಲ ಪಾಠ ಮುಗಿಯಿತು.