ನಗು ಸೇರಿಕೊಂಡ ರೆಕಾರ್ಡಿಂಗ್

ಫೆಬ್ರವರಿ 11, ಬೆಳಿಗ್ಗೆ, ವ್ಯಾನಿನಲ್ಲಿ

ಉಪ್ಪುನೀರು ಮುಕ್ಕಳಿಸಿಯಾಯಿತು. ಆವಿಯೂ ಆಯಿತು. ಡ್ರಮ್ಮರ್ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ. ಅವನಿಗಿನ್ನೂ ಹೇಳಿಲ್ಲ. ಗೊತ್ತಿರುವುದು ಅಣ್ಣನಿಗೆ ಮಾತ್ರ. ಗಿಟಾರ್ ಅವನದು, ಹಾಡು ನನ್ನದು, ಬ್ಯಾಂಡ್ ಕಟ್ಟಿದ್ದು ಇಬ್ಬರೂ ಸೇರಿ.

ನಿನ್ನೆ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ತೋರಿಸಿದರು. ಧ್ವನಿತಂತುವಿನ ಮೇಲೊಂದು ಗಂಟು. ಟೂರ್ ಮುಗಿದ ಕೂಡಲೇ ಆಪರೇಷನ್. ಆಮೇಲೂ ಇದೇ ಧ್ವನಿ ಇರುತ್ತದೆಯೇ ಎಂದು ಕೇಳಿದೆ. ನೋಡೋಣ ಎಂದರು.

ಅಣ್ಣ ಉಳಿದ ಶೋಗಳನ್ನೆಲ್ಲ ರೆಕಾರ್ಡ್ ಮಾಡಿಸುತ್ತಾನಂತೆ. ಲೈವ್ ಆಲ್ಬಂಗೆ ಎಂದು ಎಲ್ಲರಿಗೂ ಹೇಳಿದ. ನನ್ನ ಮುಖ ಮಾತ್ರ ನೋಡಲಿಲ್ಲ. ಧ್ವನಿ ಹೋದರೆ ಇದಾದರೂ ಉಳಿಯಲಿ ಎಂದು... ಸಿಟ್ಟು ನೆತ್ತಿಗೇರಿತು.

ಫೆಬ್ರವರಿ 15

ನಮ್ಮ ಸೌಂಡ್ ಇಂಜಿನಿಯರ್‌ಗೆ ಗೂಬೆ ಎಂದೇ ಹೆಸರು, ಹಗಲೆಲ್ಲ ತೂಕಡಿಸುತ್ತಾನೆ. ನಿನ್ನೆಯ ಶೋ ಕೇಳಿಸಿದ. ಒಂದೂ ಸ್ವರ ತಪ್ಪಿಲ್ಲ. ಜೀವವೂ ಇಲ್ಲ.

"ಅಕ್ಕ, ನೀವು ಹಾಡ್ತಿಲ್ಲ," ಎಂದ. "ಧ್ವನೀನ ಜೋಪಾನ ಮಾಡ್ತಿದೀರ."

ಅವನಿಗೂ ಡ್ರಮ್ಮರಿಗೂ ವಿಷಯ ಹೇಳಿಬಿಟ್ಟೆ. ಎದೆ ಹಗುರಾಯಿತು.

ಫೆಬ್ರವರಿ 19

ಕೊನೆಯ ಶೋ ಮುಗಿಯಿತು. ಎರಡನೇ ಹಾಡಿಗೇ ಮೈಕು, ರೆಕಾರ್ಡಿಂಗು, ಗಂಟು ಎಲ್ಲ ಮರೆತೆ. ಗಂಟಲು ಬಿಚ್ಚಿ ಹಾಡಿದೆ. ಮುಗಿಸುವ ಹಾಡಿನಲ್ಲಿ, ಮೇಲಕ್ಕೇರುವ ಸಾಲಿಗೆ ಧ್ವನಿ ಒಡೆದು ಎರಡಾಯಿತು. ಅಳು ಬರಬೇಕಿತ್ತು — ನಗು ಬಂತು. ಮೈಕಿನಲ್ಲೇ ನಕ್ಕು, ಕೆಳಗಿನ ಸ್ವರಕ್ಕಿಳಿದು ಮುಗಿಸಿದೆ. ವೇದಿಕೆಯ ಪಕ್ಕದಲ್ಲಿ ಅಣ್ಣ ನನ್ನ ತಲೆಯ ಮೇಲೆ ಕೈಯಿಟ್ಟ.

"ಸಿಕ್ತು ಕಣೇ," ಎಂದ. ಅಷ್ಟೇ.

ಫೆಬ್ರವರಿ 27, ಮನೆ

ಆಪರೇಷನ್ ಆಯಿತು. ಮಾತಾಡುವ ಹಾಗಿಲ್ಲ, ಪಿಸುಗುಟ್ಟುವ ಹಾಗೂ ಇಲ್ಲ. ಮಾತು ನಿಂತರೆ ಕಿವಿಯೂ ನಿಂತಿತೆಂದು ಅಮ್ಮನ ತಿಳುವಳಿಕೆ. ಗಂಜಿ ತಂದಿಟ್ಟು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ.

ಅಣ್ಣ ಕೊನೆಯ ಶೋ ಕಳಿಸಿದ್ದಾನೆ. ತೆರೆದಿಲ್ಲ.

ಮಾರ್ಚ್ 6

ಅಡುಗೆಮನೆಯಿಂದ ನನ್ನದೇ ಧ್ವನಿ! ಅಣ್ಣ ಅಮ್ಮನ ಫೋನಿಗೂ ಕಳಿಸಿದ್ದಾನೆ. ನಮ್ಮ ಒಂದು ಶೋಗೂ ಬಂದವಳಲ್ಲ, ಗದ್ದಲ ಆಗುವುದಿಲ್ಲ ಅವಳಿಗೆ. ಬಾಗಿಲಲ್ಲಿ ನಿಂತೆ. ಓಡಿಹೋಗೋಣವೆನಿಸಿತು, ಅಷ್ಟರಲ್ಲಿ ಅಮ್ಮ ನೋಡಿಬಿಟ್ಟಳು.

"ಇಲ್ಲಿ ನಗ್ತಿರೋದು ನೀನೇನಾ?"

ಹೌದೆಂದು ತಲೆಯಾಡಿಸಿದೆ. ಅದನ್ನೇ ಮತ್ತೆ ಹಾಕಿದಳು. ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದಳು.

ಧ್ವನಿ ಒಡೆದ ಸಾಲನ್ನು ತೆಗೆದು ಬೇರೆ ಶೋದ್ದು ಸೇರಿಸಲೇ ಎಂದು ಅಣ್ಣ ಕೇಳಿದ್ದ. ಬೇಡ, ಹಾಗೇ ಬಿಡು ಎಂದು ಮೆಸೇಜ್ ಮಾಡಿದೆ.

ಮಾರ್ಚ್ 12

ಆ ಎನ್ನಿ ಎಂದರು ಡಾಕ್ಟರು. ಬಾಯಿ ತೆರೆಯಲು ಭಯ. ಕೊನೆಗೆ ಅಂದೆ. ಬಂತು! ತೆಳ್ಳಗೆ, ಆದರೆ ಬಿರುಕಿಲ್ಲದೆ. ತೆಗೆದ ಗಂಟನ್ನು ಪರೀಕ್ಷೆ ಮಾಡಿಸಿದರಂತೆ, ಅಪಾಯದ್ದಲ್ಲವಂತೆ. ನಿಧಾನಕ್ಕೆ ಹಾಡಲೂಬಹುದಂತೆ.

ಹೊರಗೆ ಅಣ್ಣ ಗೋಡೆಗೆ ಮುಖ ಮಾಡಿಕೊಂಡು ಮಕ್ಕಳ ಲಸಿಕೆಯ ಪೋಸ್ಟರ್ ಓದುತ್ತಿದ್ದ. ಅಣ್ಣಾ ಎಂದೆ. ತಕ್ಷಣ ತಿರುಗಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡ.

"ಯಾರೋ ಕರೆದಂಗಾಯ್ತು," ಎಂದ.

ಮೇ 2, ಸಂಜೆ, ಪ್ರಾಕ್ಟೀಸ್ ರೂಮು

ಧ್ವನಿ ಒಂಚೂರು ದಪ್ಪಗಾಗಿದೆ. ಇರಲಿ, ನನ್ನದೇ. ಇವತ್ತು ಹಳೆಯದೇನೂ ಬೇಡವೆಂದೆ. ಹೊಸ ಹಾಡಿನ ಮೊದಲ ಸಾಲು ಬಸ್ಸಿನಲ್ಲೇ ಹೊಳೆಯಿತು. ಎರಡನೆಯದು ಇನ್ನೂ... ಡ್ರಮ್ಮರ್ ಆಗಲೇ ಕೋಲು ತಟ್ಟುತ್ತಿದ್ದಾನೆ, ಹೋಗಿ ಸುಮ್ಮನೆ ಬಾಯಿಗೆ ಬಂದದ್ದನ್ನು ಹಾಡಿಬಿಡುತ್ತೇನೆ.